ಸ್ಕಾಟ್ಲೆಂಡಿನ ರಿಸರ್ವ್ ಆಟಗಾರ ಮತ್ತು ನಾನು

ನನ್ನ ರಗ್ಬಿ ಜೀವನ ಒಟ್ಟು ಹನ್ನೊಂದು ನಿಮಿಷ ನಡೆಯಿತು. ಅದರಲ್ಲಿ ಎರಡು ನಿಮಿಷ ನೆಲದ ಮೇಲೆ ಮಲಗಿದ್ದೆ, ಅರ್ಧ ನಿಮಿಷ ತಪ್ಪು ದಿಕ್ಕಿಗೆ ಓಡಿದ್ದೆ. ಉಳಿದಷ್ಟು ಹೊತ್ತು ಚೆಂಡು ನನ್ನ ಕಡೆ ಬಾರದಿರಲಿ ಎಂದು ಊರಿನ ಎಲ್ಲ ದೈವಗಳನ್ನೂ ನೆನೆಯುತ್ತ ನಿಂತಿದ್ದೆ. ಆಗ ನನಗೆ ನಲವತ್ತಾರು ವರ್ಷ. ಕುವೈತಿನ ಮಂಗಫಿನ ಫ್ಲಾಟಿನಿಂದ ಬೆಳಿಗ್ಗೆ ಕಂಪನಿ ಬಸ್ಸಿನಲ್ಲಿ ರಿಫೈನರಿಗೆ ಹೋಗಿ, ಸಂಜೆ ಅದೇ ಬಸ್ಸಿನಲ್ಲಿ ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತ ವಾಪಸಾಗುವ ಡಾಕ್ಯುಮೆಂಟ್ ಕಂಟ್ರೋಲರ್ ನಾನು. ಹಳೆಯ ಡ್ರಾಯಿಂಗಿಗೆ ‘ರದ್ದು’ ಎಂಬ ಮೊಹರು ಒತ್ತಿ ಹೊಸದನ್ನು ಫೈಲಿಗೆ ಸೇರಿಸುವುದು ನನ್ನ ಕೆಲಸ. ಇಂಥವನು ರಗ್ಬಿ ಮೈದಾನಕ್ಕೆ ಇಳಿದದ್ದು ಒಂದು ಸುಳ್ಳಿನ ದೆಸೆಯಿಂದ.

ಸುಳ್ಳು ಏನೆಂದು ಮೊದಲೇ ಹೇಳಿಬಿಡುತ್ತೇನೆ. ಗಲ್ಫಿಗೆ ಬರುವ ಮುಂಚೆ ನನ್ನ ಬಯೋಡಾಟಾದ ಹವ್ಯಾಸದ ಕಾಲಮಿನಲ್ಲಿ ‘ಕಬಡ್ಡಿ, ರಾಜ್ಯಮಟ್ಟ’ ಎಂದು ಬರೆದಿದ್ದೆ. ಕರಾವಳಿಯಿಂದ ಬಂದ ಗಂಡಸು ಕಬಡ್ಡಿ ಆಡಿಲ್ಲ ಎಂದರೆ ಯಾರೂ ನಂಬುವುದಿಲ್ಲ, ಹಾಗಾಗಿ ಆಡಿದ್ದೇನೆ ಎಂದರೆ ಯಾರೂ ವಿಚಾರಿಸುವುದಿಲ್ಲ. ನಮ್ಮ ಕಾಲೇಜು ತಂಡ ಒಂದು ವರ್ಷ ದಾವಣಗೆರೆಯಲ್ಲಿ ನಡೆದ ರಾಜ್ಯಮಟ್ಟದ ಪಂದ್ಯಕ್ಕೆ ಹೋಗಿತ್ತು. ನಾನೂ ಹೋಗಿದ್ದೆ. ಬಸ್ಸಿನಲ್ಲಿ ಹೋಗಿದ್ದೆ, ಬಸ್ಸಿನಲ್ಲಿ ಬಂದಿದ್ದೆ, ನಡುವೆ ಬೆಂಚಿನ ಮೇಲೆ ಕೂತಿದ್ದೆ. ಆಡುವವರು ಏಳು ಜನ, ರಿಸರ್ವ್ ಐದು ಜನ. ಆ ಐವರಲ್ಲಿ ನಾನು ಐದನೆಯವನು. ಮೂರು ವರ್ಷದಲ್ಲಿ ಒಂದೇ ಒಂದು ಪಂದ್ಯಕ್ಕೂ ನನ್ನನ್ನು ಅಂಗಳಕ್ಕೆ ಇಳಿಸಲಿಲ್ಲ. ಪಂದ್ಯಕ್ಕೆ ಮುಂಚೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುವುದು ಮಾತ್ರ ನನ್ನ ಪಾಲಿಗೆ ಬಂದಿತ್ತು, ಅದನ್ನು ನಾನು ನೇರವಾಗಿ ಎಳೆಯುತ್ತಿದ್ದೆ.

ಬಯೋಡಾಟಾದಲ್ಲಿ ಸುಮ್ಮನೆ ಮಲಗಿದ್ದರೆ ಆ ಸುಳ್ಳು ಯಾರಿಗೂ ಉಪದ್ರವ ಕೊಡುತ್ತಿರಲಿಲ್ಲ. ಆದರೆ ನಾನು ಅದನ್ನು ಮನೆಗೆ ತಂದೆ. ಮಗಳು ಚಿಕ್ಕವಳಿದ್ದಾಗ ಊಟ ಮಾಡಿಸುವ ಹೊತ್ತಿಗೆ ಅವಳಿಗೆ ನನ್ನ ಕಬಡ್ಡಿ ಕಥೆಗಳನ್ನು ಹೇಳುತ್ತಿದ್ದೆ. ಏಳು ಜನರನ್ನು ಒಬ್ಬನೇ ಮುಟ್ಟಿ ಬಂದದ್ದು, ಕಾಲಿಗೆ ಜೋತುಬಿದ್ದ ಇಬ್ಬರನ್ನು ಎಳೆದುಕೊಂಡು ಗೆರೆ ದಾಟಿದ್ದು, ಜನ ಹೆಗಲ ಮೇಲೆ ಹೊತ್ತದ್ದು. ಕಥೆ ಎಲ್ಲವೂ ನಿಜ, ಮಾಡಿದವನು ಮಾತ್ರ ಬೇರೆ. ಈಗ ಅವಳಿಗೆ ಹದಿಮೂರು. ಮನೆಯಲ್ಲಿ ನಾವು ತುಳುವಿನಲ್ಲಿ ಕೇಳುತ್ತೇವೆ, ಹೊರಗೆ ಕನ್ನಡದಲ್ಲಿ ಕೇಳುತ್ತೇವೆ, ಅವಳು ಎರಡಕ್ಕೂ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ನನ್ನ ಶರ್ಟು, ನನ್ನ ಗೊರಕೆ, ನಾನು ಫೋನಿನಲ್ಲಿ ಕೂಗಿ ಮಾತಾಡುವುದು ಎಲ್ಲದಕ್ಕೂ ನಾಚಿಕೊಳ್ಳುವ ಪ್ರಾಯ. ನನ್ನಲ್ಲಿ ಅವಳು ಹೆಮ್ಮೆ ಪಡುವಂಥದ್ದು ಒಂದೇ ಉಳಿದಿತ್ತು, ಅದು ಸುಳ್ಳಾಗಿತ್ತು. ಅದು ಅವಳಿಗೆ ಗೊತ್ತಾಗುವ ದಿನವನ್ನು ನಾನು ಇಕಾಮಾ ಎಂಬ ವಾಸದ ಪರವಾನಗಿ ಮುಗಿಯುವ ದಿನಕ್ಕಿಂತ ಹೆಚ್ಚು ಹೆದರಿಕೆಯಿಂದ ಕಾಯುತ್ತಿದ್ದೆ.

ನಮ್ಮ ಚೀಫ್ ಇಂಜಿನಿಯರ್ ಸ್ಕಾಟ್ಲೆಂಡಿನವರು. ಆ ವರ್ಷ ಅವರು ನಿವೃತ್ತರಾಗುವವರಿದ್ದರು. ಚಳಿಗಾಲದಲ್ಲಿ ಕಂಪನಿಯವರು ಕುಟುಂಬಗಳನ್ನೆಲ್ಲ ಮರುಭೂಮಿಯ ಟೆಂಟಿಗೆ ಕರೆದುಕೊಂಡು ಹೋದಾಗ, ಅವರು ಮಕ್ಕಳ ಜೊತೆ ಕೂತು ತಮ್ಮ ಮುತ್ತಜ್ಜನ ಕಥೆ ಹೇಳಿದರು. ಮುತ್ತಜ್ಜ ಒಂದು ಮಿಲ್ಲಿನ ಊರಿನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ, ದೊಡ್ಡ ಮೀಸೆಯವ, ರಗ್ಬಿ ಇನ್ನೂ ಹೊಸತಾಗಿದ್ದ ಕಾಲದಲ್ಲಿ ಸ್ಕಾಟ್ಲೆಂಡ್ ತಂಡಕ್ಕೆ ಆಡಿದವ. ಆಗ ಆಟಕ್ಕೆ ಯಾರೂ ಬಿಡಿಗಾಸು ಕೊಡುತ್ತಿರಲಿಲ್ಲ, ಕೊಟ್ಟರೆ ತೆಗೆದುಕೊಂಡವನನ್ನು ತಂಡದಿಂದ ಓಡಿಸುತ್ತಿದ್ದರು. ಶನಿವಾರ ಅಂಗಡಿಗೆ ಬಾಗಿಲು ಹಾಕಿ ಆಡಿ ಬಂದು, ಸೋಮವಾರ ಊದಿದ ಕಣ್ಣಿನಲ್ಲೇ ಬಟ್ಟೆ ಅಳೆದು ಕೊಡುತ್ತಿದ್ದನಂತೆ.

ಕಥೆ ಮುಗಿದ ಕೂಡಲೇ ನನ್ನ ಮಗಳು ಎದ್ದು ನಿಂತು, ನನ್ನ ಅಪ್ಪ ರಾಜ್ಯಮಟ್ಟದ ಕಬಡ್ಡಿ ಆಟಗಾರ ಎಂದಳು. ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ. ಚೀಫ್ ನನ್ನನ್ನು ತಲೆಯಿಂದ ಹೊಟ್ಟೆಯವರೆಗೆ ನೋಡಿದರು, ಅದಕ್ಕಿಂತ ಕೆಳಗೆ ನೋಡಲು ಹೊಟ್ಟೆ ಬಿಡುತ್ತಿರಲಿಲ್ಲ.

“ಹೌದೇ? ಇಷ್ಟು ವರ್ಷ ಹೇಳಲೇ ಇಲ್ಲವಲ್ಲ” ಎಂದರು.

“ಹೇಳಿಕೊಳ್ಳುವಂಥದ್ದೇನಲ್ಲ ಸರ್” ಎಂದೆ. ಆ ಇಡೀ ಸಂಜೆ ನಾನು ಆಡಿದ ಏಕೈಕ ನಿಜ ಅದು. ಅವರು ಅದನ್ನು ವಿನಯ ಎಂದುಕೊಂಡರು.

ಮರುದಿನ ಆಫೀಸಿನಲ್ಲಿ ಎರಡು ಕೆಲಸ ಒಟ್ಟಿಗೆ ಬಂದವು. ಮುತ್ತಜ್ಜನ ಹಳೆಯ ಪತ್ರಿಕೆ ತುಣುಕುಗಳ ಆಲ್ಬಮ್ಮನ್ನು ಸ್ಕ್ಯಾನ್ ಮಾಡಿ, ಅವನ ಆಟದ ಬದುಕನ್ನು ದಿನಾಂಕದ ಕ್ರಮದಲ್ಲಿ ಟೈಪ್ ಮಾಡಿ ಕೊಡಬೇಕು. ಮನೆಯವರಿಗಾಗಿ ಒಂದು ಸಣ್ಣ ಪುಸ್ತಕ ಮಾಡುತ್ತಾರಂತೆ. ಎರಡನೆಯದು, ಶುಕ್ರವಾರ ಬೆಳಿಗ್ಗೆ ಅವರ ಹವ್ಯಾಸಿ ರಗ್ಬಿ ತಂಡಕ್ಕೆ ಒಬ್ಬ ಕಡಿಮೆ ಇದ್ದಾನೆ, ನಾನು ಬರಬೇಕು. ಮೊದಲನೆಯದು ಇಷ್ಟವಾಯಿತು. ಎರಡನೆಯದಕ್ಕೆ ಬೆನ್ನುನೋವು ಎನ್ನೋಣ ಎಂದುಕೊಂಡು ಮನೆಗೆ ಹೋದರೆ, ಮಗಳು ಆಗಲೇ ತನ್ನ ಗೆಳತಿಯರಿಗೆಲ್ಲ ಸುದ್ದಿ ಮುಟ್ಟಿಸಿದ್ದಳು. ಚೀಫಿನ ಹೆಂಡತಿ ನನ್ನ ಹೆಂಡತಿಗೆ ಮೆಸೇಜು ಮಾಡಿದ್ದರಂತೆ.

ಹೆಂಡತಿ ಒಂದು ಕ್ಲಿನಿಕ್ಕಿನಲ್ಲಿ ಲ್ಯಾಬ್ ಟೆಕ್ನೀಶಿಯನ್. ರಕ್ತ ನೋಡಿಯೇ ಮನುಷ್ಯನ ಯೋಗ್ಯತೆ ಹೇಳುವವಳು. “ಕೊಲೆಸ್ಟ್ರಾಲ್ ಎಷ್ಟುಂಟು ಅಂತ ನೆನಪಿಟ್ಟುಕೊಂಡು ಓಡಿ” ಎಂದಳು.

ಶುಕ್ರವಾರ ಮೈದಾನದಲ್ಲಿ ನನ್ನ ತಂಡದವರನ್ನು ನೋಡಿ, ಮನುಷ್ಯರು ಇಷ್ಟು ಅಗಲಕ್ಕೂ ಬೆಳೆಯುತ್ತಾರೆ ಎಂದು ತಿಳಿಯಿತು. ಬ್ರಿಟಿಷರು, ದಕ್ಷಿಣ ಆಫ್ರಿಕದವರು, ಒಬ್ಬ ಕುವೈತಿ ಬ್ಯಾಂಕ್ ನೌಕರ, ಫಿಜಿ ದ್ವೀಪದ ಒಬ್ಬ ಸೆಕ್ಯುರಿಟಿಯವ. ಚೀಫ್ ನಿಯಮ ಹೇಳಿಕೊಟ್ಟರು: ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಓಡಿ ಎದುರಾಳಿಯ ಕೊನೆಯ ಗೆರೆಯಾಚೆ ನೆಲಕ್ಕೆ ಮುಟ್ಟಿಸಬೇಕು, ಜೊತೆಗಾರನಿಗೆ ಎಸೆಯುವುದಾದರೆ ಹಿಂದಕ್ಕೆ ಮಾತ್ರ ಎಸೆಯಬೇಕು. ನಾನು ಹಿಂದೆಯೇ ಇರುತ್ತೇನೆ ಎಂದು ತಕ್ಷಣ ಒಪ್ಪಿಕೊಂಡೆ. ಹಿಂದೆ ಇದ್ದವನಿಗೇ ಚೆಂಡು ಬರುತ್ತದೆ ಎಂಬ ಸರಳ ತರ್ಕ ಆಗ ಹೊಳೆಯಲಿಲ್ಲ.

ಎಂಟನೇ ನಿಮಿಷಕ್ಕೆ ಚೆಂಡು ಬಂದೇ ಬಂತು. ಎದುರಿಗೆ ಮೂವರು. ಅಲ್ಲಿಯವರೆಗೆ ಹೆದರಿಕೆಯಿಂದಲಾದರೂ ನನ್ನ ತಲೆ ಕೆಲಸ ಮಾಡುತ್ತಿತ್ತು, ಆಮೇಲೆ ಕೆಲಸವನ್ನು ಕಾಲುಗಳು ವಹಿಸಿಕೊಂಡವು. ಎಡಕ್ಕೆ ಹೋಗುವಂತೆ ತೋರಿಸಿ ಬಲಕ್ಕೆ ನುಸುಳಿದೆ. ಒಬ್ಬನ ಕೈ ಗಾಳಿಗೆ ಹೋಯಿತು. ಇನ್ನೊಬ್ಬನ ತೋಳಿನ ಕೆಳಗೆ ಬಾಗಿದೆ. ಮೂರನೆಯವನ ಭುಜವನ್ನು ಮುಟ್ಟಿದೆ. ಮುಂದೆ ಖಾಲಿ ಮೈದಾನ, ಕೊನೆಯ ಗೆರೆಗೆ ಹದಿನೈದು ಹೆಜ್ಜೆ. ನಾನು ಗಕ್ಕನೆ ತಿರುಗಿ ಬಂದ ದಾರಿಯಲ್ಲೇ ವಾಪಸ್ ಓಡಿದೆ.

ಕಬಡ್ಡಿ ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರೈಡಿಗೆ ಹೋದವನು ಎದುರಾಳಿಯನ್ನು ಮುಟ್ಟಿದ ಮೇಲೆ ಅಲ್ಲಿ ನಿಲ್ಲಬಾರದು, ಉಸಿರು ಬಿಡುವ ಮೊದಲು ತನ್ನ ಅಂಗಳಕ್ಕೆ ಮರಳಬೇಕು. ನಾನು ಮರಳಿದೆ. ನನ್ನದೇ ತಂಡದವರು ಏನಾಗುತ್ತಿದೆ ಎಂದು ತಿಳಿಯದೆ ದಾರಿ ಬಿಟ್ಟರು. ಮಧ್ಯದ ಗೆರೆ ದಾಟಿ, ನೆಲ ಮುಟ್ಟಿ, ಒಂದು ಪಾಯಿಂಟ್ ಎಂದು ರೆಫರಿಗೆ ಬೆರಳು ತೋರಿಸಿದೆ. ಅಷ್ಟರಲ್ಲಿ ಎದುರಾಳಿಗಳಿಗೆ ಬುದ್ಧಿ ಮರಳಿ, ನಾಲ್ವರು ಒಟ್ಟಿಗೆ ನನ್ನ ಮೇಲೆ ಬಿದ್ದರು. ಓಡುವಾಗ ಬಾಯಲ್ಲಿ ‘ಕಬಡ್ಡಿ ಕಬಡ್ಡಿ’ ಎನ್ನುತ್ತಿದ್ದೆನಂತೆ. ಆಮೇಲೆ ವೀಡಿಯೋದಲ್ಲಿ ನಾನೇ ಕೇಳಿದೆ.

ಇಲ್ಲಿಗೆ ನನ್ನ ಬಣ್ಣ ಬಯಲಾಗಬೇಕಿತ್ತು. ಆದದ್ದು ತಿರುಗುಮುರುಗು. ಚೀಫ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಟಿವಿಯಲ್ಲಿ ನೋಡಿ ತಿಳಿದಿದ್ದ ಕಬಡ್ಡಿಯ ನಿಯಮವನ್ನು ಎಲ್ಲರಿಗೂ ವಿವರಿಸಿ, ಇಪ್ಪತ್ತೈದು ವರ್ಷದ ಮೇಲೂ ದೇಹ ಮರೆತಿಲ್ಲ ನೋಡಿ, ರಾಜ್ಯಮಟ್ಟ ಎಂದರೆ ಇದು ಎಂದರು. ಫಿಜಿಯವ ನನ್ನನ್ನು ಒಂದು ಕೈಯಲ್ಲಿ ಎತ್ತಿ ನಿಲ್ಲಿಸಿದ. ಗೆರೆಯಾಚೆ ನಿಂತು ನೋಡುತ್ತಿದ್ದ ಮಗಳು ಹತ್ತಿರ ಬಂದು “ಅಪ್ಪಾ, ಯು ವರ್ ಸೋ ಫಾಸ್ಟ್” ಎಂದಳು. ಅವಳು ನಗುತ್ತಿರಲಿಲ್ಲ. ದೇಹ ಮರೆಯದೆ ಇದ್ದದ್ದು ಪಂದ್ಯವನ್ನಲ್ಲ, ಮೂರು ವರ್ಷ ದಿನಾ ಸಂಜೆ ಮಾಡಿದ ಪ್ರಾಕ್ಟೀಸನ್ನು ಎಂದು ನನಗೊಬ್ಬನಿಗೇ ಗೊತ್ತಿತ್ತು. ಪಕ್ಕೆಲುಬಿನ ನೋವಿಗಿಂತ ಅವಳ ಮುಖ ನನಗೆ ಹೆಚ್ಚು ನೋವು ಕೊಟ್ಟಿತು.

ಅದರ ಮುಂದಿನ ವಾರ ಮಗಳ ಶಾಲೆಗೆ ಹೋಗಿದ್ದೆ. ಅವಳು ಶಾಲೆಯ ಥ್ರೋಬಾಲ್ ತಂಡದಲ್ಲಿದ್ದಳು, ವಾರಕ್ಕೆ ಮೂರು ಸಂಜೆ ಪ್ರಾಕ್ಟೀಸು. ಆವತ್ತು ಆಫೀಸಿನಿಂದ ಬೇಗ ಬಿಟ್ಟದ್ದರಿಂದ, ಸ್ವಲ್ಪ ಹೊತ್ತು ಆಟ ನೋಡಿ ಅವಳಿಗೆ ನಾಲ್ಕು ಸಲಹೆ ಕೊಡೋಣ ಎಂದು ಕಾರು ತೆಗೆದುಕೊಂಡು ಹೋದೆ. ಸಲಹೆ ಕೊಡುವುದರಲ್ಲಿ ನಾನು ಯಾವತ್ತೂ ರಿಸರ್ವ್ ಇರಲಿಲ್ಲ. ಕೋರ್ಟಿನಲ್ಲಿ ಅವಳು ಕಾಣಲಿಲ್ಲ. ಕೇರಳದ ಪಿ.ಟಿ. ಮೇಡಂ ನನ್ನನ್ನು ಕಂಡು ಹತ್ತಿರ ಬಂದರು. “ಓದಿಗೆ ತೊಂದರೆ ಅಂತ ನೀವು ಬಿಡಿಸಿದ್ದು ಬೇಜಾರಾಯ್ತು ಸರ್. ಮೂರು ವಾರ ಆಯ್ತಲ್ಲ, ಒಮ್ಮೆ ಯೋಚನೆ ಮಾಡಿ. ರಿಸರ್ವ್‌ನಲ್ಲಿದ್ದರೂ ಚೆನ್ನಾಗಿ ಪ್ರಾಕ್ಟೀಸ್ ಮಾಡ್ತಿದ್ದಳು” ಎಂದರು.

ಅವಳು ಲೈಬ್ರರಿಯಲ್ಲಿದ್ದಳು. ಆಟದ ಬಟ್ಟೆ ಹಾಕಿಕೊಂಡು, ಬೂಟಿನ ಲೇಸು ಬಿಗಿಯಾಗಿ ಕಟ್ಟಿಕೊಂಡು, ಒಂದು ಪುಸ್ತಕ ತೆರೆದು ಕೂತಿದ್ದಳು. ಮೂರು ವಾರದಿಂದ ಹಾಗೆಯೇ ಕೂತು, ಹೊತ್ತಾದ ಮೇಲೆ ಮುಖ ತೊಳೆದುಕೊಂಡು ಮನೆಗೆ ಬಂದು, ಪ್ರಾಕ್ಟೀಸು ಚೆನ್ನಾಗಿತ್ತು ಎನ್ನುತ್ತಿದ್ದಳು.

ಕಾರಿನಲ್ಲಿ ಅವಳು ಹೇಳಿದ್ದು ಇಷ್ಟು: ತಂಡದ ಏಳು ಜನರಲ್ಲಿ ತಾನಿಲ್ಲ. ಇರುತ್ತೇನೆ ಎಂದುಕೊಂಡಿದ್ದಳು. ಅಪ್ಪ ರಾಜ್ಯಮಟ್ಟದವನು, ತಾನು ಶಾಲೆಯ ಬೆಂಚು. ಅದನ್ನು ಮನೆಯಲ್ಲಿ ಹೇಗೆ ಹೇಳುವುದು? ಸುಸ್ತಾಯಿತು ಎಂದರೆ ನೀನು ‘ನಾವೆಲ್ಲ ಸುಸ್ತಾಯಿತು ಅಂತ ಹೇಳಿದವರೇ ಅಲ್ಲ’ ಎನ್ನುತ್ತಿದ್ದೆಯಲ್ಲ ಅಪ್ಪಾ, ಎಂದಳು.

ಆ ಕ್ಷಣಕ್ಕೆ ನಾನು ನಿಜ ಹೇಳಬಹುದಿತ್ತು. ಸಿಗ್ನಲ್ಲು ಕೆಂಪಿತ್ತು, ಹೊತ್ತೂ ಇತ್ತು. ನಾನು ಏನು ಮಾಡಿದೆ? ಛಲ ಬಿಡಬಾರದು ಎಂಬ ವಿಷಯದ ಮೇಲೆ ಮನೆ ಹತ್ತಿರದ ಫಹಾಹೀಲ್ ಬರುವವರೆಗೆ ಭಾಷಣ ಮಾಡಿದೆ. ನನ್ನ ಮಾತು ನನಗೇ ಹೇಸಿಗೆಯಾಯಿತು. ಅವಳು ಕಿಟಕಿಯ ಕಡೆ ತಿರುಗಿದಳು.

ಅದೇ ವಾರ ಮುತ್ತಜ್ಜನ ಟೈಪಿಂಗ್ ಮುಗಿಸಿ ಚೀಫಿನ ಕೋಣೆಗೆ ತೆಗೆದುಕೊಂಡು ಹೋದೆ. ಆಲ್ಬಮ್ಮಿನಲ್ಲಿ ನಾನು ಕಂಡದ್ದು ಚೀಫ್ ಹೇಳಿದ ಕಥೆಗಿಂತ ಸ್ವಲ್ಪ ಬೇರೆಯಾಗಿತ್ತು. ಮೀಸೆಯ ಮುತ್ತಜ್ಜ ದೇಶಕ್ಕೆ ಆಡಿದ್ದು ಒಂದೇ ಒಂದು ಪಂದ್ಯ. ಅದೂ ಅವನ ಜಾಗದಲ್ಲಿ ಆಡಬೇಕಿದ್ದವನಿಗೆ ಜ್ವರ ಬಂದದ್ದರಿಂದ. ಅದಕ್ಕೆ ಮುಂಚೆ ಮತ್ತು ಆಮೇಲೆ ಎಷ್ಟೋ ಸಲ ಪತ್ರಿಕೆಯ ಪಟ್ಟಿಯ ಕೊನೆಗೆ, ರಿಸರ್ವ್ ಎಂಬ ಪದದ ಪಕ್ಕ ಅವನ ಹೆಸರು. ಆ ಕಾಲದಲ್ಲಿ ಆಟದ ನಡುವೆ ಬದಲಿ ಆಟಗಾರ ಇಳಿಯುವಂತಿರಲಿಲ್ಲ; ಒಬ್ಬನ ಕಾಲು ಮುರಿದರೂ ಉಳಿದವರೇ ಆಡಿ ಮುಗಿಸಬೇಕು. ಸೀಟಿ ಊದಿದರೆ ರಿಸರ್ವ್‌ನವನ ಕೆಲಸ ಖಲಾಸ್. ಬೂಟಿನ ಚೀಲ ಹಿಡಿದು ರೈಲಿನಲ್ಲಿ ಹೋಗುವುದು, ಕೋಟು ಹಾಕಿಕೊಂಡು ನಿಂತು ನೋಡುವುದು, ಅದೇ ರೈಲಿನಲ್ಲಿ ಬರುವುದು.

ಪಾಪ, ಮನೆಯವರ ಮುಂದೆ ಮರ್ಯಾದೆ ಹೋಗಬಾರದು ಎಂದು ನಾನು ಆ ರಿಸರ್ವ್ ತುಣುಕುಗಳನ್ನೆಲ್ಲ ಬಿಟ್ಟು, ಆಡಿದ ಪಂದ್ಯವನ್ನು ದೊಡ್ಡ ಅಕ್ಷರದಲ್ಲಿ ಟೈಪ್ ಮಾಡಿದ್ದೆ. ಹಳೆಯದನ್ನು ರದ್ದು ಮಾಡುವುದು ನನ್ನ ವೃತ್ತಿಯಲ್ಲವೇ.

ಚೀಫ್ ಹಾಳೆ ತಿರುವಿ, “ಉಳಿದದ್ದೆಲ್ಲಿ?” ಎಂದರು.

“ಅವು ಆಡದ ಪಂದ್ಯಗಳು ಸರ್.”

“ಅವೇ ಅಲ್ಲವೇ ಅವನ ಬದುಕು? ಆಡಿದ್ದು ಒಂದು ಮಧ್ಯಾಹ್ನ. ಉಳಿದ ಅಷ್ಟೂ ವರ್ಷ ಅವನು ತಯಾರಾಗಿ ಹೋಗಿ ನಿಂತಿದ್ದ. ನಮ್ಮ ಮನೆಯಲ್ಲಿ ಎಲ್ಲರಿಗೂ ಇದು ಗೊತ್ತು. ಎಲ್ಲವನ್ನೂ ಹಾಕು.” ಆಮೇಲೆ ಕನ್ನಡಕ ತೆಗೆದು, ಕುತೂಹಲದಿಂದ ಕೇಳಿದರು: “ನಿಮ್ಮ ಕಬಡ್ಡಿ ತಂಡದಲ್ಲೂ ರಿಸರ್ವ್ ಹುಡುಗರು ಇದ್ದಿರಬೇಕಲ್ಲ? ಅವರ ನೆನಪು ಉಂಟೇ ನಿನಗೆ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ಟೈ ಸರಿಮಾಡಲು ಹೋಯಿತು. ಅವರ ಪ್ರಶ್ನೆಯಲ್ಲಿ ಕೊಂಕು ಇರಲಿಲ್ಲ. ನನಗೆ ಐವರೂ ನೆನಪಿದ್ದರು. ಅವರಲ್ಲಿ ಒಬ್ಬನನ್ನು ನಾನೇ ಇಪ್ಪತ್ತೈದು ವರ್ಷದಿಂದ ಯಾರಿಗೂ ಕಾಣದ ಹಾಗೆ ಮುಚ್ಚಿಟ್ಟಿದ್ದೆ. ಅವನು ದಿನಾ ಸಂಜೆ ಬರುತ್ತಿದ್ದ, ಮೊಣಕಾಲು ತರಚಿಕೊಳ್ಳುತ್ತಿದ್ದ, ಒಳ್ಳೆಯವನೇ ಆಗಿದ್ದ. ಅವನ ಬಗ್ಗೆ ನನಗೆ ಮೊದಲ ಸಲ ಪಾಪ ಅನ್ನಿಸಿತು. “ಉಂಟು ಸರ್” ಎಂದಷ್ಟೇ ಹೇಳಿ ಹೊರಗೆ ಬಂದೆ.

ಸಂಜೆ ಚಹಾದ ಹೊತ್ತಿಗೆ ಮಗಳನ್ನು ಅಡುಗೆಮನೆಗೆ ಕರೆದು, ಹೆಂಡತಿಯ ಎದುರಿಗೇ ಹೇಳಿಬಿಟ್ಟೆ. ನಾನು ಒಂದು ಪಂದ್ಯವನ್ನೂ ಆಡಿಲ್ಲ. ಐದನೇ ರಿಸರ್ವ್ ಆಗಿದ್ದೆ. ಹೇಳಿದ ಕಥೆಗಳೆಲ್ಲ ಬೇರೆಯವರದ್ದು.

ಮೊದಲು ಮಾತಾಡಿದ್ದು ಹೆಂಡತಿ. ಅವಳು ಚಪಾತಿ ಲಟ್ಟಿಸುವುದನ್ನು ನಿಲ್ಲಿಸಲಿಲ್ಲ. “ನನಗೆ ಗೊತ್ತಿತ್ತು ಮಾರಾಯ್ರೆ. ಮದುವೆಗೆ ಮೊದಲು ನಮ್ಮ ಅಣ್ಣ ನಿಮ್ಮ ಕಾಲೇಜಿನವರ ಹತ್ತಿರ ವಿಚಾರಿಸಿದ್ದ. ಹುಡುಗ ಒಳ್ಳೆಯವ, ಗೆರೆ ಚೆಂದ ಎಳೀತಾನೆ ಅಂತ ಹೇಳಿದ್ರಂತೆ.”

“ಇಷ್ಟು ವರ್ಷ ಹೇಳಲಿಲ್ಲವಲ್ಲ ನೀನು.”

“ನೀವು ಅಷ್ಟು ಖುಷಿಯಲ್ಲಿ ಹೇಳ್ತಿದ್ರಿ. ನಾನು ಎಂತಕ್ಕೆ ಹಾಳು ಮಾಡ್ಲಿ?”

ಹದಿನೇಳು ವರ್ಷ ನನ್ನ ಕಬಡ್ಡಿ ಕಥೆಗಳಿಗೆ ಹೂಂಗುಟ್ಟಿದ ಹೆಂಗಸು ಎದುರಿಗೆ ನಿಂತಿದ್ದಳು. ನಾಚಿಕೆಗೆ ಏನಾದರೂ ಪ್ರಶಸ್ತಿ ಇದ್ದರೆ ಆ ಸಂಜೆ ರಾಜ್ಯಮಟ್ಟ ಏನು, ರಾಷ್ಟ್ರಮಟ್ಟದ್ದೇ ನನಗೆ ಸಿಗುತ್ತಿತ್ತು. ಮಗಳಿಗೆ ಮಾತ್ರ ಇದು ತಮಾಷೆಯಾಗಿ ಕಾಣಲಿಲ್ಲ. ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಕೋಪ ನ್ಯಾಯವಾಗಿಯೇ ಇತ್ತು. ನನ್ನ ಸುಳ್ಳಿನ ಅಳತೆಗೆ ಅವಳು ತನ್ನನ್ನು ಹಿಡಿದು ನೋಡಿಕೊಂಡು ಸಣ್ಣವಳಾಗಿದ್ದಳು.

ಮೂರನೆಯ ದಿನ ನಾನು ಷೂ ಪಾಲಿಷ್ ಮಾಡುತ್ತಿದ್ದಾಗ ಬಂದು ನಿಂತಳು. ಒಮ್ಮೆಯೂ ಇಳಿಸಲಿಲ್ಲವಾ ಎಂದು ಕೇಳಿದಳು. ಇಲ್ಲ ಎಂದೆ. ಮತ್ತೆ ಮೂರು ವರ್ಷ ಯಾಕೆ ಹೋದೆ ಎಂದಳು.

ಚೆಂದದ ಉತ್ತರ ಕೊಟ್ಟಿದ್ದರೆ ಅವಳು ನಂಬುತ್ತಿರಲಿಲ್ಲ. “ನನಗೆ ಆಟ ಇಷ್ಟ ಇತ್ತು” ಎಂದೆ. ಅವಳು ಒಳಗೆ ಹೋದಳು. ಮರುದಿನ ಪಿ.ಟಿ. ಮೇಡಂ ಫೋನು ಮಾಡಿ, ಮಗಳು ವಾಪಸ್ ಬಂದಿದ್ದಾಳೆ, ಥ್ಯಾಂಕ್ಯೂ ಸರ್ ಎಂದರು.

ತಿಂಗಳಾದ ಮೇಲೆ ರುಮೈಥಿಯಾದ ಒಂದು ಶಾಲೆಯಲ್ಲಿ ಅವರ ಪಂದ್ಯ. ಬರಬಹುದು, ಆದರೆ ತಾನು ಆಡದೆಯೂ ಇರಬಹುದು ಎಂದು ಮಗಳು ಮೊದಲೇ ಎಚ್ಚರಿಸಿದ್ದಳು. ನಾನು ಅರ್ಧ ದಿನ ರಜೆ ಹಾಕಿ ಹೋದೆ. ಆ ದಿನ ಯಾರು ಚೆನ್ನಾಗಿ ಆಡಿದರು ಎಂದು ಕೇಳಿದರೆ ನನಗೆ ಗೊತ್ತಿಲ್ಲ, ಏಕೆಂದರೆ ನಾನು ನೋಡಿದ್ದು ಬೆಂಚನ್ನು. ಅವಳು ಪ್ರತಿ ಚೆಂಡಿಗೂ ಕುತ್ತಿಗೆ ತಿರುಗಿಸುತ್ತಿದ್ದಳು. ಯಾರಿಗಾದರೂ ಪೆಟ್ಟಾದರೆ ಅರ್ಧ ಎದ್ದು ಮತ್ತೆ ಕೂರುತ್ತಿದ್ದಳು. ಹಾಗೆ ಅರ್ಧ ಏಳುವುದು ನನಗೆ ಚೆನ್ನಾಗಿ ಗೊತ್ತು. ಅದು ಹೊರಗಿನಿಂದ ಹೇಗೆ ಕಾಣುತ್ತದೆ ಎಂದು ಮಾತ್ರ ಗೊತ್ತಿರಲಿಲ್ಲ.

ಅವಳನ್ನು ಇಳಿಸಲಿಲ್ಲ. ಪಂದ್ಯ ಸೋತರು. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ, ಅವಳು ಕೂತುಕೋ ಎಂದು ಕೈ ಮಾಡಿದಳು.

ವಾಪಸ್ ಬರುವಾಗ ಕಾರಿನಲ್ಲಿ ಅವಳು, ನೀನು ಬೆಂಚಿನಲ್ಲಿ ಕೂತಾಗ ಅಜ್ಜ ನೋಡಲು ಬರುತ್ತಿದ್ದರಾ ಎಂದು ಕೇಳಿದಳು.

ಇದನ್ನು ನಾನು ಹೆಂಡತಿಗೂ ಹೇಳಿರಲಿಲ್ಲ. ನನ್ನ ಅಪ್ಪ ಬೀಡಿ ಕಂಪನಿಯ ಬ್ರಾಂಚಿನಲ್ಲಿ ಗುಮಾಸ್ತರಾಗಿದ್ದರು. ನಾನು ತಂಡದಲ್ಲಿ ಆಡುತ್ತೇನೆ ಎಂದೇ ಅವರಿಗೆ ಹೇಳಿದ್ದೆ. ಒಂದು ಸಲ, ರಜೆ ಹಾಕಿದ್ದೇನೆ, ನಿನ್ನ ಮ್ಯಾಚು ನೋಡಲು ಬರುತ್ತೇನೆ, ಎಲ್ಲಿ ಎಂದು ಕೇಳಿದರು. ಮ್ಯಾಚು ಮೂಡುಬಿದಿರೆಯಲ್ಲಿತ್ತು. ನಾನು ಕಾರ್ಕಳ ಎಂದೆ. ಅವರು ಎರಡು ಬಸ್ಸು ಹಿಡಿದು ಕಾರ್ಕಳಕ್ಕೆ ಹೋಗಿ, ಖಾಲಿ ಮೈದಾನ ನೋಡಿ, ಮನೆಗೆ ಬಂದರು. ರಾತ್ರಿ ಊಟಕ್ಕೆ ಕೂತಾಗ “ಇವತ್ತು ಬರಲಿಕ್ಕೆ ಆಗಲಿಲ್ಲ ಮಗಾ” ಎಂದರು. ಹೋಗಿದ್ದರು ಎಂದು ಅಮ್ಮ ಹೇಳಿದ್ದು ಅವರು ತೀರಿಕೊಂಡ ಮೇಲೆ.

ಇಷ್ಟನ್ನು ಹೇಳಿ ನಾನು ರಸ್ತೆ ನೋಡುತ್ತ ಕಾರು ಓಡಿಸಿದೆ. ಮಗಳು ತಲೆ ತಗ್ಗಿಸಿ ತನ್ನ ಫೋನು ಒತ್ತುತ್ತಿದ್ದಳು. ಈಗಿನ ಮಕ್ಕಳಿಗೆ ಫೋನಿದ್ದರೆ ಮುಗಿಯಿತು ಎಂದು ನನಗೆ ಸ್ವಲ್ಪ ಬೇಸರವೇ ಆಯಿತು.

ಮನೆಯ ಕೆಳಗೆ ಕಾರು ನಿಲ್ಲಿಸಿ ನನ್ನ ಫೋನು ನೋಡಿದೆ. ಅವಳಿಂದ ಒಂದು ಮೆಸೇಜು ಬಂದಿತ್ತು. ಮುಂದಿನ ಗುರುವಾರ, ನಾಲ್ಕು ಗಂಟೆ. ಕೆಳಗೆ ಹವಲ್ಲಿಯ ಒಂದು ಶಾಲೆಯ ಮೈದಾನದ ಲೊಕೇಶನ್.